ಸಣ್ಣಕಥೆ ಬರೆಯುವವರಿಗೊಂದು ಕಥಾಕೂಟ: ಕಟ್ಟುವ ಬಗೆ, ನಡೆಸುವ ಬಗೆ

ಶಿವಮೊಗ್ಗ ಜಿಲ್ಲೆಯಲ್ಲಿ ಕೂತು ಸಣ್ಣಕಥೆ ಬರೆಯುವವರು ಸಾಹಿತ್ಯದ ವಾತಾವರಣವಿಲ್ಲವೆಂದು ದೂರುವಂತಿಲ್ಲ. ನಗರದಲ್ಲಿ ಕರ್ನಾಟಕ ಸಂಘ 1930ರಿಂದ ನಡೆದುಕೊಂಡು ಬಂದಿದೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಮ್ ಎಂಬ ರಂಗಸಂಸ್ಥೆ 1949ರಿಂದ ಇದೆ. 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 2006ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಅಧ್ಯಕ್ಷತೆಯಲ್ಲಿ ಶಿವಮೊಗ್ಗದಲ್ಲೇ ನಡೆಯಿತು. ಕುಪ್ಪಳಿ, ಮೇಳಿಗೆ, ಕೊನಗವಳ್ಳಿ ಎಂಬ ಸಣ್ಣ ಊರುಗಳ ಹೆಸರು ನಾಡಿಗೆಲ್ಲ ಗೊತ್ತಾಗಿರುವುದೇ ಕುವೆಂಪು, ಅನಂತಮೂರ್ತಿ, ಲಂಕೇಶರಿಂದ. ಇಷ್ಟೆಲ್ಲ ಇದ್ದರೂ, ಬರೆದು ಮುಗಿಸಿದ ಕಥೆಯ ಕರಡನ್ನು ಕೈಯಲ್ಲಿ ಹಿಡಿದುಕೊಂಡಿರುವ ಹೊಸಬರಿಗೆ ಆ ಹೊತ್ತಿಗೆ ಬೇಕಾಗುವುದು ಅದನ್ನು ಮೊದಲಿಂದ ಕೊನೆಯವರೆಗೆ ಕೇಳಿ, ಎಲ್ಲಿ ತಮ್ಮ ಗಮನ ತಪ್ಪಿತೆಂದು ಮುಖ ನೋಡಿಕೊಂಡೇ ಹೇಳಬಲ್ಲ ಆರೇಳು ಮಂದಿ. ಅಂಥವರನ್ನು ಯಾವ ಸಂಸ್ಥೆಯೂ ಒದಗಿಸಿಕೊಡಲಾರದು, ನಾವೇ ಕಲೆಹಾಕಿಕೊಳ್ಳಬೇಕು. ಅದನ್ನು ಮಾಡುವುದು ಹೇಗೆ, ಮಾಡಿದ ಮೇಲೆ ಅದು ಪರಸ್ಪರ ಹೊಗಳಿಕೆಯ ಕೂಟವಾಗದಂತೆ ನೋಡಿಕೊಳ್ಳುವುದು ಹೇಗೆ, ಅಲ್ಲಿ ಕೇಳಿಸಿಕೊಂಡದ್ದನ್ನು ಕಥೆಗೆ ದಕ್ಕಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾರು, ಎಲ್ಲಿ, ಯಾವಾಗ

ಆರರಿಂದ ಒಂಬತ್ತು ಮಂದಿ ಸಾಕು. ಹನ್ನೆರಡು ದಾಟಿದರೆ ಅದು ಸಭೆಯಾಗುತ್ತದೆ, ಸಭೆಯಾದ ಕೂಡಲೇ ಸ್ವಾಗತ, ಪ್ರಾಸ್ತಾವಿಕ ನುಡಿ, ವಂದನಾರ್ಪಣೆಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಸೇರುವವರೆಲ್ಲರೂ ಬರೆಯುವವರೇ ಆಗಿರಬೇಕಿಲ್ಲ; ಬರೆಯದೆ ಬರೀ ಓದುವವರು ಇಬ್ಬರಾದರೂ ಇರುವುದು ಅಗತ್ಯ, ಏಕೆಂದರೆ ಬರೆಯುವವರಿಗೆ ಇನ್ನೊಬ್ಬರ ಕಥೆಯೊಳಗೆ ತಾವು ಬರೆಯಬಹುದಾಗಿದ್ದ ಕಥೆಯನ್ನು ಹುಡುಕುವ ಚಾಳಿ ಇರುತ್ತದೆ. ಆ ಇಬ್ಬರ ಬಾಯಿಂದ ಬರುವ 'ಇಲ್ಲಿ ನನಗೆ ಬೇಜಾರಾಯಿತು' ಎಂಬ ಮಾತು ಅಲಂಕಾರಶಾಸ್ತ್ರ ಬಲ್ಲವರ ಹತ್ತು ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕನ್ನಡ ಅಧ್ಯಾಪಕರು ಸುಲಭವಾಗಿ ಸಿಗುತ್ತಾರೆ, ಅವರು ಬೇಕು ಕೂಡ. ಆದರೆ ಎಲ್ಲರೂ ಅವರೇ ಆದರೆ ಕೂಟ ತರಗತಿಯಾಗುತ್ತದೆ. ತೋಟ ಮಾಡುವವರೊಬ್ಬರು, ಸಹಕಾರ ಸಂಘದ ಗುಮಾಸ್ತರೊಬ್ಬರು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರೊಬ್ಬರು, ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರೊಬ್ಬರು ಇದ್ದರೆ ಕಥೆಯಲ್ಲಿ ಬರುವ ಕೆಲಸಗಳು ನಿಜವಾಗಿ ಹೇಗೆ ನಡೆಯುತ್ತವೆಂದು ಹೇಳುವವರು ಸಿಗುತ್ತಾರೆ. ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಿಬಿಡುವುದು ಮೇಲು. ಮಲೆನಾಡಿನಲ್ಲಿ ಪರಿಚಯದ ಬಳಗ ಬೆಳೆಯುವುದು ಹೆಚ್ಚಾಗಿ ನೆಂಟಸ್ತಿಕೆ, ಕೇರಿ, ಮಠಗಳ ದಾರಿಯಲ್ಲಿ. ಹಾಗೆ ಬೆಳೆದ ಕೂಟದಲ್ಲಿ ಎಲ್ಲರೂ ಒಂದೇ ಜಾತಿಯವರಾಗಿರುವುದು ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ಅಂಥ ಕೂಟದಲ್ಲಿ ಓದಿದ ಕಥೆಯಲ್ಲಿ ಕೂಲಿಯಾಳು ಹೇಗೆ ಮಾತಾಡುತ್ತಾನೆ, ಯಾವ ಬಾಗಿಲಿಂದ ಒಳಗೆ ಬರುತ್ತಾನೆ, ಎಲ್ಲಿ ಕೂತು ಉಣ್ಣುತ್ತಾನೆ ಎಂಬುದನ್ನು ಪ್ರಶ್ನಿಸುವವರೇ ಇರುವುದಿಲ್ಲ. ಕೂಟ ಕಟ್ಟುವ ಹಂತದಲ್ಲಿಯೇ ಇದನ್ನು ನೋಡಿಕೊಳ್ಳಬೇಕು, ಆಮೇಲೆ ಸರಿಪಡಿಸುವುದು ಕಷ್ಟ.

ಜಾಗದ ವಿಷಯಕ್ಕೆ ಬಂದರೆ, ಮೈಕು ಇರುವ ಸಭಾಂಗಣ ಬೇಡವೇ ಬೇಡ. ಯಾರದಾದರೂ ಮನೆಯ ಜಗಲಿ, ಅನುಮತಿ ಸಿಕ್ಕರೆ ಶಾಲೆಯ ಒಂದು ಕೊಠಡಿ, ಪಂಚಾಯಿತಿಯ ಗ್ರಂಥಾಲಯ, ಇವು ಸರಿಯಾದ ಜಾಗಗಳು. ತಗಡಿನ ಮಾಡಿನ ಕೆಳಗೆ ಆಷಾಢದ ಮಳೆಯಲ್ಲಿ ಕಥೆ ಓದಲು ಹೋಗಬಾರದು. ಓದುವವರು ಕಿರುಚಬೇಕಾಗುತ್ತದೆ, ಕಿರುಚಿ ಓದಿದ ಯಾವ ಕಥೆಯೂ ಒಳ್ಳೆಯ ಕಥೆಯಾಗಿ ಕೇಳಿಸುವುದಿಲ್ಲ. ಹಂಚಿನ ಮನೆಯಾದರೆ ತೊಂದರೆಯಿಲ್ಲ. ಕರೆಂಟು ಹೋಗುವುದು ಖಚಿತವೆಂದುಕೊಂಡೇ ಚಾರ್ಜ್ ಮಾಡಿದ ದೀಪವೊಂದನ್ನು ಪಕ್ಕದಲ್ಲಿ ಇಟ್ಟುಕೊಂಡಿರಬೇಕು.

ಸಮಯವನ್ನು ಗೊತ್ತುಮಾಡುವಾಗ ಕೊನೆಯ ಬಸ್ಸಿನ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳಿಂದ ಬರುವವರು ಬಸ್ಸಿಳಿದ ಮೇಲೂ ಕಾಲುದಾರಿ ನಡೆಯಬೇಕಾಗಿರುತ್ತದೆ. ಸಂಜೆ ಐದಕ್ಕೆ ಶುರುಮಾಡುವ ಕೂಟಕ್ಕೆ ಹೆಂಗಸರು ಬರುವುದಿಲ್ಲ, ಆಮೇಲೆ ಅವರಿಗೆ ಆಸಕ್ತಿಯಿಲ್ಲವೆಂಬ ಮಾತು ಹುಟ್ಟುತ್ತದೆ. ಭಾನುವಾರ ಹತ್ತೂವರೆಗೆ ಶುರುಮಾಡಿ ಊಟದ ಹೊತ್ತಿಗೆ ಮುಗಿಸುವುದು ಹೆಚ್ಚಿನವರಿಗೆ ಅನುಕೂಲ. ಮಕ್ಕಳನ್ನು ಕರೆತರಬಹುದೆಂದು ಮೊದಲೇ ಹೇಳಿಬಿಡಬೇಕು. ಊಟದ ಹೊರೆ ಮಾತ್ರ ಮನೆಯೊಡತಿಯ ಮೇಲೆ ಬೀಳಬಾರದು. ಅವರೂ ಕೂಟದ ಸದಸ್ಯರಾಗಿದ್ದರಂತೂ ಕಥೆ ಓದುವಾಗ ಒಲೆಯ ಮುಂದೆ ಇರುವವರು ಅವರೊಬ್ಬರೇ ಆಗುತ್ತಾರೆ. ಅವಲಕ್ಕಿ, ಬಾಳೆಹಣ್ಣು, ಚಹಾ ಸಾಕು.

ತಿಂಗಳಿಗೊಂದು ದಿನವನ್ನು, ಎರಡನೆಯ ಭಾನುವಾರವೆಂದೋ ಕೊನೆಯ ಭಾನುವಾರವೆಂದೋ, ಖಾಯಂ ಮಾಡಿಕೊಳ್ಳಬೇಕು. ಪ್ರತಿ ಸಲವೂ ಎಲ್ಲರನ್ನೂ ಕೇಳಿ ದಿನ ನಿಶ್ಚಯಿಸಲು ಹೊರಟರೆ ಮೂರನೆಯ ತಿಂಗಳಿಗೆ ಕೂಟ ನಿಲ್ಲುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸಗಳಿರುವುದರಿಂದ ತೋಟದವರು ಬರಲಾರರು. ಆ ತಿಂಗಳುಗಳಲ್ಲಿ ಕೂಟಕ್ಕೆ ರಜೆ ಘೋಷಿಸುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಭಾನುವಾರಗಳು ಮದುವೆ, ಗೃಹಪ್ರವೇಶಗಳ ಪಾಲಾಗುತ್ತವೆ, ಅದಕ್ಕೆ ಪರಿಹಾರವಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಕಾಲವೇ ಕೂಟದ ನಿಜವಾದ ಸುಗ್ಗಿ.

ಓದುವ ಕ್ರಮ

ಎರಡು ಸಾವಿರ ಪದಗಳ ಕಥೆಯನ್ನು ನಿಧಾನವಾಗಿ ಗಟ್ಟಿಯಾಗಿ ಓದಲು 20ರಿಂದ 25 ನಿಮಿಷ ಹಿಡಿಯುತ್ತದೆ. ಅದರ ಮೇಲಿನ ಮಾತಿಗೆ ಮುಕ್ಕಾಲು ಗಂಟೆ ಬೇಕು. ಆದ್ದರಿಂದ ಒಂದು ಕೂಟಕ್ಕೆ ಎರಡು ಕಥೆ, ಹೆಚ್ಚಿಲ್ಲ. ಮೂರನೆಯದನ್ನು ತಂದವರಿಗೆ ಮುಂದಿನ ತಿಂಗಳು ಮೊದಲ ಸರದಿ.

ಬರೆದವರೇ ಓದಬೇಕೋ ಬೇರೆಯವರು ಓದಬೇಕೋ ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಬೇರೆಯವರು ಓದುವುದೇ ಸರಿ ಎಂಬುದು ನನ್ನ ನಿಲುವು. ಬರೆದವರು ಓದುವಾಗ ದುರ್ಬಲ ವಾಕ್ಯಕ್ಕೆ ದನಿಯಿಂದ ಬಲ ತುಂಬುತ್ತಾರೆ, ಹಾಸ್ಯ ಬರುವ ಮೊದಲೇ ತಾವು ನಗುತ್ತಾರೆ, ಬರೆಯದೆ ಬಿಟ್ಟದ್ದನ್ನು ಮುಖಭಾವದಿಂದ ಸೇರಿಸುತ್ತಾರೆ. ಅಚ್ಚಾದ ಕಥೆಯ ಜೊತೆ ಮುಖಭಾವ ಹೋಗುವುದಿಲ್ಲ. ಮೊದಲ ಬಾರಿ ನೋಡುತ್ತಿರುವ ಕರಡನ್ನು ಇನ್ನೊಬ್ಬರು ಓದುವಾಗ ಎಲ್ಲಿ ತಡವರಿಸುತ್ತಾರೆ, ಎಲ್ಲಿ ಒಂದು ವಾಕ್ಯವನ್ನು ಹಿಂದಕ್ಕೆ ಹೋಗಿ ಮತ್ತೆ ಓದುತ್ತಾರೆ, ಯಾವ ಮಾತು ಯಾರದೆಂದು ತಿಳಿಯದೆ ಗೊಂದಲಕ್ಕೆ ಬೀಳುತ್ತಾರೆ ಎಂಬುದನ್ನು ಬರೆದವರು ತಮ್ಮ ಪ್ರತಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಾ ಹೋಗಬೇಕು. ಚರ್ಚೆ ಶುರುವಾಗುವ ಮೊದಲೇ ಅರ್ಧದಷ್ಟು ತಿದ್ದುಪಡಿಗಳು ಈ ಗುರುತುಗಳಲ್ಲಿ ಸಿಕ್ಕಿಬಿಡುತ್ತವೆ.

ಓದುವ ಮುನ್ನ ಪೀಠಿಕೆ ಬೇಡ. ಅದರಲ್ಲೂ 'ಇದು ನಮ್ಮೂರಲ್ಲಿ ನಿಜವಾಗಿ ನಡೆದದ್ದು' ಎಂಬ ಮಾತನ್ನು ಪೂರ್ತಿ ನಿಷೇಧಿಸಬೇಕು. ನಿಜವಾಗಿ ನಡೆದದ್ದೆಂದು ಗೊತ್ತಾದ ಕೂಡಲೇ ಕೇಳುಗರು ಕಥೆಯನ್ನು ಬಿಟ್ಟು ಆ ಊರಿನ, ಆ ಮನೆತನದ ವಿಚಾರಣೆಗೆ ತೊಡಗುತ್ತಾರೆ, ಮತ್ತು ನಂಬಲಾಗದ ತಿರುವನ್ನು ಪ್ರಶ್ನಿಸಿದವರಿಗೆ 'ಹಾಗೇ ಆಗಿದ್ದು ಮಾರಾಯ್ರೆ' ಎಂಬ ಉತ್ತರ ಸಿಗುತ್ತದೆ. ಊರಲ್ಲಿ ಆದದ್ದು ಕಥೆಯೊಳಗೂ ಆಗುವಂತೆ ಮಾಡುವುದು ಬರೆದವರ ಕೆಲಸ.

ಮಾತಾಡುವ ಕ್ರಮ

ಇಡೀ ಕೂಟದ ಏಳುಬೀಳು ನಿಂತಿರುವುದು ಇದರ ಮೇಲೆ. ನಮ್ಮ ಕಡೆಯವರು ಮನೆಗೆ ಬಂದವರನ್ನು ನೋಯಿಸುವುದಿಲ್ಲ. ಕಥೆ ಹೇಗಿದೆಯೆಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ, ಇನ್ನೂ ಒತ್ತಾಯಿಸಿದರೆ ತುಂಬಾ ಚೆನ್ನಾಗಿದೆ ಎನ್ನುತ್ತಾರೆ. ನಿಜವಾದ ಅಭಿಪ್ರಾಯ ಬಸ್‌ಸ್ಟ್ಯಾಂಡಿನಲ್ಲಿ, ಬರೆದವರು ಇಲ್ಲದಿರುವಾಗ ಹೊರಬರುತ್ತದೆ. ಈ ದಾಕ್ಷಿಣ್ಯವನ್ನು ಉಪದೇಶದಿಂದ ಹೋಗಲಾಡಿಸಲಾಗದು. ಅದು ನುಸುಳಲು ಎಡೆಯಿಲ್ಲದಂತೆ ಮಾತಿನ ಕ್ರಮವನ್ನೇ ಕಟ್ಟಬೇಕು.

ಪ್ರತಿಯೊಬ್ಬರೂ ಮೂರು ವಿಷಯಗಳನ್ನಷ್ಟೇ ಹೇಳಬೇಕೆಂಬುದು ಒಂದು ಒಳ್ಳೆಯ ಕ್ರಮ: ಕಥೆ ಮುಗಿದ ಮೇಲೂ ನೆನಪಿನಲ್ಲಿ ಉಳಿದ ಒಂದು ಜಾಗ, ಗಮನ ತಪ್ಪಿದ ಒಂದು ಜಾಗ, ಮತ್ತು ಒಂದು ಪ್ರಶ್ನೆ. ಗಮನ ತಪ್ಪಿದ ಜಾಗ ಯಾವುದೂ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಇಷ್ಟವಾಯಿತು, ಆಗಲಿಲ್ಲ ಎಂಬ ತೀರ್ಪನ್ನು ಯಾರೂ ಕೇಳಿಲ್ಲವಾದ್ದರಿಂದ ಯಾರಿಗೂ ಮುಜುಗರವಿಲ್ಲ. ಎರಡನೆಯ ಪುಟದಲ್ಲಿ ಮಳೆಯ ವರ್ಣನೆ ಬಂದಾಗ ನನ್ನ ಮನಸ್ಸು ಮನೆಯ ಹಟ್ಟಿಗೆ ಹೋಯಿತು ಎನ್ನುವುದು ಯಾರನ್ನೂ ಅವಮಾನಿಸಿದಂತಾಗುವುದಿಲ್ಲ.

ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ಹಿರಿಯರು ಕೊನೆಗೆ. ನಿವೃತ್ತ ಪ್ರಾಧ್ಯಾಪಕರೊಬ್ಬರು ಮೊದಲು ಬಾಯಿಬಿಟ್ಟರೆ ಉಳಿದವರೆಲ್ಲ 'ಸರ್ ಹೇಳಿದ ಹಾಗೆ' ಎಂದು ಶುರುಮಾಡುತ್ತಾರೆ, ಅಲ್ಲಿಗೆ ಏಳು ಅಭಿಪ್ರಾಯಗಳು ಒಂದಾಗಿ ಹೋಗುತ್ತವೆ. ಬರೆದವರು ಎಲ್ಲರೂ ಮುಗಿಸುವ ತನಕ ಸುಮ್ಮನಿರಬೇಕು, ವಿವರಣೆ ಕೊಡಬಾರದು, ತಲೆಯಾಡಿಸಲೂಬಾರದು. ಇದು ಹೇಳಿದಷ್ಟು ಸುಲಭವಲ್ಲ. ತಾನು ಬರೆದದ್ದನ್ನು ಎದುರಿಗಿದ್ದವರು ತಪ್ಪಾಗಿ ಅರ್ಥಮಾಡಿಕೊಂಡಿದ್ದಾರೆಂದು ಗೊತ್ತಾದಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಆದರೆ ಆ ತಪ್ಪು ಅರ್ಥವೇ ಅಮೂಲ್ಯವಾದದ್ದು, ಅದನ್ನು ಪೂರ್ತಿ ಹೇಳಲು ಬಿಡಬೇಕು. 'ನಾನಾಗಿದ್ದರೆ ಹೀಗೆ ಮುಗಿಸುತ್ತಿದ್ದೆ' ಎಂಬ ಮಾತನ್ನು ಯಾರು ಎತ್ತಿದರೂ ತಡೆಯಬೇಕು. ಹಾಗನ್ನಿಸಿದವರು ಮನೆಗೆ ಹೋಗಿ ತಮ್ಮದೇ ಕಥೆ ಬರೆಯಲಿ.

ಇದು ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ಅಡಿಕೆ ತೋಟದ ಕರಡೊಂದರ ಆರಂಭವನ್ನು ತೆಗೆದುಕೊಳ್ಳೋಣ (ಕೊನೆ ಎಂದರೆ ಅಡಿಕೆಯ ಗೊನೆ, ಮರ ಹತ್ತಿ ಅದನ್ನು ಕೊಯ್ಯುವವನು ಕೊನೆಗಾರ): 'ಬೆಳಗಿನ ಮಂಜಿನಲ್ಲಿ ತೋಟ ಮೌನವಾಗಿತ್ತು. ಕೊನೆಗಾರ ಮಂಜಪ್ಪ ಮರ ಹತ್ತಿದ. ಅವನ ಮನಸ್ಸಿನಲ್ಲಿ ನೂರಾರು ನೆನಪುಗಳು ಸುಳಿದವು. ಕೊನೆ ಕೊಯ್ದು ಇಳಿದ. ಇನ್ನೊಂದು ಮರ ಹತ್ತಿದ.' ವ್ಯಾಕರಣದ ತಪ್ಪಿಲ್ಲ, ಯಾರೂ ಬೈಯುವಂಥದ್ದೇನೂ ಇಲ್ಲ. ಕೂಟದಲ್ಲಿ ತೋಟದವರೊಬ್ಬರಿದ್ದಾರೆ ಎಂದುಕೊಳ್ಳೋಣ. ಅವರು ಹೇಳುತ್ತಾರೆ: ಕೊನೆಗಾರ ಒಂದೊಂದು ಮರಕ್ಕೂ ಹತ್ತಿ ಇಳಿಯುವುದಿಲ್ಲ, ಮೇಲೆಯೇ ಮರವನ್ನು ಜೀಕಿ ಪಕ್ಕದ ಮರ ಹಿಡಿಯುತ್ತಾನೆ, ಕೊನೆಗಳು ಹಗ್ಗದ ಮೇಲೆ ಜಾರಿ ಕೆಳಗೆ ಬರುತ್ತವೆ, ಹಗ್ಗದ ಇನ್ನೊಂದು ತುದಿಯನ್ನು ಎಳೆದು ಹಿಡಿದುಕೊಂಡು ಒಬ್ಬರು ಕೆಳಗೆ ನಿಂತಿರಲೇಬೇಕು. ಇಷ್ಟಕ್ಕೆ ನಿಂತಿದ್ದರೆ ಅದೊಂದು ಮಾಹಿತಿಯ ತಿದ್ದುಪಡಿ ಮಾತ್ರ. ಆದರೆ ತೋಟದ ಕೆಲಸದ ಗಂಧಗಾಳಿಯಿಲ್ಲದ ಇನ್ನೊಬ್ಬರು ತಮ್ಮ ಪ್ರಶ್ನೆಯ ಸರದಿ ಬಂದಾಗ ಕೇಳುತ್ತಾರೆ: 'ಹಾಗಾದರೆ ಈ ಕಥೆಯಲ್ಲಿ ಹಗ್ಗ ಹಿಡಿದುಕೊಂಡವರು ಯಾರು?'

ಬರೆದವರ ಬಳಿ ಉತ್ತರವಿಲ್ಲ. ಕಥೆಯ ಕೊನೆಯ ಭಾಗದಲ್ಲಿ ಮಂಜಪ್ಪನ ಅಳಿಯ ಬರುತ್ತಾನೆ, ಮರ ಹತ್ತುವುದನ್ನು ಬಿಡಿ ಎಂದು ಮಾವನಿಗೆ ಹೇಳುತ್ತಾನೆ, ಅದಕ್ಕಾಗಿ ಎರಡು ಪುಟದ ಸಂಭಾಷಣೆಯಿದೆ. ಆ ಅಳಿಯನನ್ನು ತಂದು ಮೊದಲ ಪುಟದಲ್ಲೇ ಹಗ್ಗದ ತುದಿಗೆ ನಿಲ್ಲಿಸಿದರೆ ಏನಾಗುತ್ತದೆ ನೋಡಿ: 'ಮೇಲಿಂದ ಮಂಜಪ್ಪ, ಹಿಡ್ಕಳಿ, ಅಂದ. ಅಳಿಯ ಮೊಬೈಲನ್ನು ಜೇಬಿಗೆ ಹಾಕಿ ಹಗ್ಗ ಬಿಗಿದ. ಕೊನೆ ಜಾರಿ ಅವನ ಕೈಗೆ ಬರುವ ಹೊತ್ತಿಗೆ ಮಾವ ಆಚೆ ಮರದ ತಲೆಯಲ್ಲಿದ್ದ.' ಮಂಜು, ಮೌನ, ನೂರಾರು ನೆನಪು ಮೂರೂ ಹೋದವು. ಮಾವ ಅಳಿಯನನ್ನು ಬಹುವಚನದಲ್ಲಿ ಕರೆಯುವುದರಿಂದ ಸಂಬಂಧದ ಅಂತರ ಬಂತು. ಮುಂದಿನ ಎರಡು ಪುಟದ ಸಂಭಾಷಣೆ ನಾಲ್ಕು ಸಾಲಿಗೆ ಇಳಿಯಬಹುದು. ಈ ಬದಲಾವಣೆಯನ್ನು ಯಾರೂ ಸೂಚಿಸಲಿಲ್ಲವೆಂಬುದನ್ನು ಗಮನಿಸಬೇಕು. ಒಬ್ಬರು ಕೆಲಸದ ಕ್ರಮ ಹೇಳಿದರು, ಒಬ್ಬರು ಪ್ರಶ್ನೆ ಕೇಳಿದರು, ಉಳಿದದ್ದನ್ನು ಬರೆದವರೇ ಮಾಡಿಕೊಂಡರು. ಒಳ್ಳೆಯ ಕೂಟದಿಂದ ನಿರೀಕ್ಷಿಸಬೇಕಾದದ್ದು ಇಷ್ಟೇ.

ಈ ಬಗೆಯ ಮಾತನ್ನು ಕೇಳಿ ಅಭ್ಯಾಸವಿಲ್ಲದವರು ಅಕ್ಟೋಬರಿನಲ್ಲಿ ಹೆಗ್ಗೋಡಿನ ನೀನಾಸಮ್‌ನಲ್ಲಿ ನಡೆಯುವ ಸಂಸ್ಕೃತಿ ಶಿಬಿರಕ್ಕೆ ಒಮ್ಮೆಯಾದರೂ ಹೋಗಿಬರುವುದು ಒಳ್ಳೆಯದು. ಹಿಂದಿನ ಸಂಜೆ ನೋಡಿದ ನಾಟಕದ ಬಗ್ಗೆ ಮರುದಿನ ಎಲ್ಲರೂ ಕೂತು, ಮಾಡಿದವರ ಎದುರಿಗೇ ಮಾತಾಡುವುದನ್ನು ಅಲ್ಲಿ ನೋಡಬಹುದು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣನವರು ಹಳ್ಳಿಯೊಂದರಲ್ಲಿ ಕಟ್ಟಿದ್ದು ರಂಗಮಂದಿರವನ್ನು ಮಾತ್ರವಲ್ಲ, ನೋಡಿ ಮಾತಾಡುವ ಈ ರೂಢಿಯನ್ನು ಕೂಡ.

ತಿದ್ದುವಾಗ

ಕೂಟದಿಂದ ಬಂದ ರಾತ್ರಿಯೇ ತಿದ್ದಲು ಕೂರಬಾರದು. ಎರಡು ವಾರ ಬಿಟ್ಟು, ಟಿಪ್ಪಣಿಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ ಯಾವುದು ನೋವಿನ ಮಾತು, ಯಾವುದು ಉಪಯೋಗದ ಮಾತು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಮೂವರು ಒಂದೇ ಜಾಗದಲ್ಲಿ ಗಮನ ತಪ್ಪಿತೆಂದಿದ್ದರೆ ಅಲ್ಲಿ ಏನೋ ಕೆಟ್ಟಿದೆ, ಅವರು ಕೊಟ್ಟ ಕಾರಣಗಳು ಬೇರೆಬೇರೆಯಾಗಿದ್ದರೂ ಸರಿ. ಎಲ್ಲರೂ ಬೇರೆಬೇರೆ ಜಾಗ ತೋರಿಸಿದ್ದರೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಕೆಲವೊಮ್ಮೆ ಕೆಟ್ಟಿರುವುದು ಅವರು ತೋರಿಸಿದ ಜಾಗಕ್ಕಿಂತ ಒಂದು ಪುಟ ಹಿಂದೆ ಇರುತ್ತದೆ. ಅಂತ್ಯ ಅವಸರವಾಯಿತೆಂದು ಹೇಳಿದರೆ ನೋಡಬೇಕಾದ್ದು ನಡುವಿನ ಭಾಗವನ್ನು.

ಮಲೆನಾಡಿನವರ ಕರಡುಗಳಲ್ಲಿ ಮತ್ತೆಮತ್ತೆ ಬರುವ ಕೆಲವು ದೋಷಗಳಿವೆ. ಮಳೆಯಿಂದ ಶುರುವಾಗುವ ಕಥೆಗಳು ಅತಿಯಾಗಿವೆ. ಮಳೆ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದ್ದೇ ಇರುತ್ತದೆ, ಅದು ಇದೆಯೆಂದು ಹೇಳಿದರೆ ಏನನ್ನೂ ಹೇಳಿದಂತಾಗಲಿಲ್ಲ. ಅಡಿಕೆಗೆ ಕೊಳೆರೋಗ ಬಂದಿದ್ದರಿಂದ ಔಷಧಿ ಹೊಡೆಯಲು ಎರಡು ದಿನದ ಹೊಳವು, ಅಂದರೆ ಮಳೆಯ ಬಿಡುವು, ಬೇಕಾಗಿದೆ, ಅದು ಸಿಗುತ್ತಿಲ್ಲ ಎಂದರೆ ಮಳೆ ಕಥೆಯೊಳಕ್ಕೆ ಬರುತ್ತದೆ. ದೊಡ್ಡ ಬರಹಗಾರರ ನೆರಳಿನ ಮಾತೂ ಇದೆ. ಈ ಜಿಲ್ಲೆಯಲ್ಲಿ ಬರೆಯುವವರು ಕುವೆಂಪು, ತೇಜಸ್ವಿ, ಲಂಕೇಶರನ್ನು ಓದಿಯೇ ಬೆಳೆದಿರುತ್ತಾರೆ, ಓದಲೇಬೇಕು. ಆದರೆ ಸ್ವಂತ ಕಥೆಯ ಮೊದಲ ಕರಡು ನಡೆಯುತ್ತಿರುವ ವಾರಗಳಲ್ಲಿ ಅವರ ಪುಸ್ತಕಗಳನ್ನು ಕಪಾಟಿನಲ್ಲಿಡುವುದು ಕ್ಷೇಮ. ತೇಜಸ್ವಿಯವರ ಲಯ ಅರಿವಿಲ್ಲದೆಯೇ ಕೈಗೆ ಅಂಟಿಕೊಳ್ಳುತ್ತದೆ, ಕೂಟದವರು ಮೂರನೆಯ ವಾಕ್ಯದಲ್ಲಿ ಅದನ್ನು ಗುರುತಿಸುತ್ತಾರೆ.

ಮಾತಿನ ಕನ್ನಡದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಒಂದೇ ಜಿಲ್ಲೆಯಲ್ಲಿ ಹವ್ಯಕರ ಮಾತು, ದೀವರ ಮಾತು, ತೀರ್ಥಹಳ್ಳಿಯ ಒಕ್ಕಲಿಗರ ಮಾತು, ಶಿಕಾರಿಪುರದ ತಾಂಡಾಗಳ ಲಂಬಾಣಿ, ಭದ್ರಾವತಿಯ ಕೇರಿಗಳ ತಮಿಳು, ಪೇಟೆಗಳ ಉರ್ದು ಎಲ್ಲವೂ ಇವೆ. ತಾವು ಆಡದ ಮಾತನ್ನು ಪಾತ್ರದ ಬಾಯಿಗೆ ಹಾಕುವ ಮುನ್ನ ಅದನ್ನಾಡುವವರೊಬ್ಬರಿಂದ ಆ ಸಂಭಾಷಣೆಯನ್ನು ಗಟ್ಟಿಯಾಗಿ ಓದಿಸಬೇಕು. ಅವರು ನಕ್ಕರೆ ತಪ್ಪಾಗಿದೆಯೆಂದು ಅರ್ಥ. ನಿರೂಪಣೆಯನ್ನು ಶಿಷ್ಟ ಕನ್ನಡದಲ್ಲಿಟ್ಟು ಸಂಭಾಷಣೆಗೆ ಮಾತ್ರ ಊರಿನ ಮಾತನ್ನು ಬಳಸಿದರೆ ಕಲಬುರಗಿಯ ಓದುಗರಿಗೂ ಕಥೆ ದಕ್ಕುತ್ತದೆ.

ಊರಿನವರು ಗುರುತು ಹಿಡಿದಾಗ

ಬೆಂಗಳೂರಿನಲ್ಲಿ ಪಕ್ಕದ ಮನೆಯವರ ಬಗ್ಗೆ ಬರೆದರೆ ಅವರು ಓದುವ ಸಂಭವ ಕಡಿಮೆ. ಇಲ್ಲಿ ಹಾಗಲ್ಲ, ವಾರಪತ್ರಿಕೆಯಲ್ಲಿ ಕಥೆ ಬಂದ ಮೂರನೆಯ ದಿನ ಸೊಸೈಟಿಯ ಕಟ್ಟೆಯ ಮೇಲೆ ಅದು ಯಾರ ಮನೆಯ ಕಥೆಯೆಂಬ ತೀರ್ಮಾನವಾಗಿರುತ್ತದೆ. ಹೆಸರು ಬದಲಾಯಿಸಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಕಸುಬು, ಮನೆಯ ಮಂದಿಯ ಲೆಕ್ಕ, ಪಾತ್ರ ಗಂಡೋ ಹೆಣ್ಣೋ ಎಂಬುದು, ಇವುಗಳಲ್ಲಿ ಎರಡನ್ನಾದರೂ ಬದಲಾಯಿಸಬೇಕು. ಹಾಗೆ ಬದಲಾಯಿಸಿದಾಗ ಕಥೆ ಕುಸಿದುಬಿದ್ದರೆ ಅದು ಇನ್ನೂ ವರದಿಯ ಹಂತದಲ್ಲಿಯೇ ಇತ್ತೆಂದು ತಿಳಿಯಬೇಕು. ಈ ವಿಷಯದಲ್ಲಿ ಕೂಟಕ್ಕೂ ಒಂದು ಹೊಣೆಯಿದೆ. ಕರಡಿನಲ್ಲಿರುವುದು ಇಂಥವರೇ ಎಂದು ಗೊತ್ತಾದವರು ಅದನ್ನು ಎಲ್ಲರೆದುರು ಹೇಳದೆ, ಬರೆದವರಿಗೆ ಪ್ರತ್ಯೇಕವಾಗಿ ತಿಳಿಸಬೇಕು. ಕೂಟದಲ್ಲಿ ಓದಿದ್ದು ಕೂಟದ ಹೊರಗೆ ಹೋಗಬಾರದು, ಕರಡಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚಬಾರದು.

ವಾಟ್ಸಾಪಿನ ಮಾತಿಗೆ ಇನ್ನೊಂದು ಕಾರಣವೂ ಇದೆ. ಕಥಾಸ್ಪರ್ಧೆಗಳು ಸಾಮಾನ್ಯವಾಗಿ ಬೇರೆಲ್ಲೂ ಪ್ರಕಟವಾಗದ ಕಥೆಯನ್ನು ಕೇಳುತ್ತವೆ, ಫೇಸ್‌ಬುಕ್ಕಿನಂಥ ಕಡೆ ಹಾಕಿದ್ದನ್ನೂ ಪ್ರಕಟಣೆಯೆಂದೇ ಎಣಿಸುವ ಸ್ಪರ್ಧೆಗಳಿವೆ. ಕೂಟದಲ್ಲಿ ಓದಿದ್ದು ಪ್ರಕಟಣೆಯಲ್ಲ, ಅಲ್ಲಿ ಓದಿದ ಕಥೆಯನ್ನು ಧೈರ್ಯವಾಗಿ ಕಳುಹಿಸಬಹುದು.

ಕಳುಹಿಸುವುದು, ಪುಸ್ತಕ ಮಾಡುವುದು

ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಇಂದಿಗೂ ಹೊಸ ಕಥೆಗಾರರು ಕಾಯುವ ಸ್ಪರ್ಧೆ. ಮಯೂರ, ತುಷಾರದಂಥ ಮಾಸಪತ್ರಿಕೆಗಳು, ಸುಧಾ, ತರಂಗದಂಥ ವಾರಪತ್ರಿಕೆಗಳು, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು ಕಥೆ ಪ್ರಕಟಿಸುತ್ತವೆ. ಆಯಾ ಪ್ರಕಟಣೆಯಲ್ಲಿ ಹೇಳಿದ ಪದಮಿತಿಯನ್ನು ಮೀರಬಾರದು. ಯೂನಿಕೋಡ್‌ನಲ್ಲಿ ಟೈಪು ಮಾಡಿದ ಕಡತ ಎಲ್ಲ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ್ದು ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದರಿಂದ, ಅದನ್ನು ಪರಿವರ್ತಿಸಿ, ಒತ್ತಕ್ಷರಗಳೂ ಅರ್ಕಾವತ್ತುಗಳೂ ಸರಿಯಾಗಿ ಬಂದಿವೆಯೇ ಎಂದು ಸಾಲುಸಾಲಾಗಿ ನೋಡಿ ಕಳುಹಿಸಬೇಕು. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಪತ್ರಿಕೆಗೆ ಕಳುಹಿಸಬಾರದು. ಹಕ್ಕುಸ್ವಾಮ್ಯದ ಬಗ್ಗೆ ಹೊಸಬರಿಗೆ ಅನಗತ್ಯ ಭಯವಿದೆ: ನಮ್ಮ 1957ರ ಕಾಯ್ದೆಯ ಪ್ರಕಾರ ಕಥೆ ಬರೆದ ಕೂಡಲೇ ಹಕ್ಕು ಬರೆದವರದಾಗುತ್ತದೆ, ನೋಂದಣಿ ಕಡ್ಡಾಯವಲ್ಲ, ಅದು ಅವರ ಜೀವಿತಾವಧಿಗೂ ಆ ಮೇಲೆ 60 ವರ್ಷಗಳಿಗೂ ಇರುತ್ತದೆ.

ಸಣ್ಣಕಥೆ ಕಾದಂಬರಿಗೆ ಹತ್ತುವ ಮೆಟ್ಟಿಲೆಂದು ಹೇಳುವವರು ಎಲ್ಲ ಕೂಟದಲ್ಲೂ ಒಬ್ಬರಿರುತ್ತಾರೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮಾಸ್ತಿಯವರಿಗೆ 1968ರಲ್ಲಿ, ಲಂಕೇಶರಿಗೆ 1993ರಲ್ಲಿ, ವೈದೇಹಿಯವರಿಗೆ 2009ರಲ್ಲಿ ಬಂದದ್ದು ಕಥಾಸಂಕಲನಗಳಿಗೆ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದುಕೊಟ್ಟದ್ದೂ ಕಥೆಗಳೇ. ಇದನ್ನು ಒಮ್ಮೆ ಹೇಳಿ ಆ ಚರ್ಚೆಯನ್ನು ಮುಗಿಸಬಹುದು.

ಹತ್ತು ಹನ್ನೆರಡು ಕಥೆಗಳಾದ ಮೇಲೆ ಸಂಕಲನದ ಯೋಚನೆ ಮಾಡಬಹುದು. ಡೆಮಿ ಅಷ್ಟಪತ್ರವೆಂಬ ಪುಸ್ತಕದ ಆಕಾರದಲ್ಲಿ ಒಂದು ಫಾರಂ, ಅಂದರೆ ಮಡಚಿದ ಅಚ್ಚಿನ ಒಂದು ಹಾಳೆ, 16 ಪುಟವಾಗುತ್ತದೆ. ಪುಟಸಂಖ್ಯೆ 16ರ ಗುಣಕದಲ್ಲಿ, 112 ಅಥವಾ 128ಕ್ಕೆ, ನಿಲ್ಲುವಂತೆ ನೋಡಿಕೊಂಡರೆ ಕಾಗದ ವ್ಯರ್ಥವಾಗುವುದಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ನಡೆಸಿಕೊಂಡು ಬಂದಿದೆ, ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಪುಸ್ತಕ ಬಂದ ಮೇಲೆ ಶಿವಮೊಗ್ಗದ ಕರ್ನಾಟಕ ಸಂಘ ವರ್ಷವರ್ಷವೂ ಬೇರೆಬೇರೆ ಪ್ರಕಾರಗಳಿಗೆ ಕೊಡುವ ಪುಸ್ತಕ ಬಹುಮಾನಕ್ಕೆ ಕಳುಹಿಸುವುದನ್ನು ಮರೆಯಬಾರದು. ಯಾವ ಕಥೆಗಳನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕೂಟದವರು ನಿರ್ಧರಿಸುವುದಕ್ಕಿಂತ, ಕೂಟದಲ್ಲಿ ಬರೆಯದೆ ಓದುವ ಆ ಇಬ್ಬರು ನಿರ್ಧರಿಸಿದರೆ ಹೆಚ್ಚು ಸರಿಯಾಗುತ್ತದೆ. ಬಿಡುಗಡೆಯ ಸಮಾರಂಭಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಖರ್ಚು ಮಾಡುವ ಹಣದಲ್ಲಿ ಕೂಟದ ಪ್ರತಿಯೊಬ್ಬರೂ ಎರಡೆರಡು ಪ್ರತಿ ಕೊಂಡು ತಮ್ಮ ಊರಿನ ಶಾಲೆಗೊಂದು, ಗ್ರಂಥಾಲಯಕ್ಕೊಂದು ಕೊಟ್ಟರೆ ಬರೆದವರಿಗೆ ಓದುಗರಾದರೂ ಸಿಗುತ್ತಾರೆ.

ಕೂಟ ನಿಲ್ಲುವುದು ಜಗಳದಿಂದಲ್ಲ, ಹೆಚ್ಚಾಗಿ ಹಣ ಮತ್ತು ಬೇಸರದಿಂದ. ಆದ್ದರಿಂದ ಚಂದಾ, ರಶೀದಿ, ಪದಾಧಿಕಾರಿಗಳು, ನೋಂದಣಿ ಯಾವುದೂ ಬೇಡ; ಕರಡಿನ ಜೆರಾಕ್ಸ್ ಖರ್ಚನ್ನು ಬರೆದವರು, ಚಹಾದ ಖರ್ಚನ್ನು ಸರದಿಯ ಮೇಲೆ ಒಬ್ಬೊಬ್ಬರು ನೋಡಿಕೊಳ್ಳಲಿ. ಬರೆಯದೆ ಆರು ತಿಂಗಳು ಕಳೆದ ಸದಸ್ಯರನ್ನು ಕಥೆ ಎಲ್ಲಿ ಎಂದು ಪೀಡಿಸಬಾರದು. ಅವರು ಬಂದು ಕೇಳುತ್ತಿದ್ದರೆ ಸಾಕು. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಪ್ರತಿ ಕೂಟದ ದಿನಾಂಕ, ಓದಿದ ಕಥೆಯ ಹೆಸರು, ಬಂದ ಪ್ರಶ್ನೆಗಳನ್ನು ಮಾತ್ರ ಬರೆದಿಡಬೇಕು, ಹೊಗಳಿಕೆಯನ್ನೂ ತೆಗಳಿಕೆಯನ್ನೂ ಬರೆಯಬಾರದು. ಅದೇ ಕಥೆ ತಿದ್ದುಪಡಿಯಾಗಿ ಎರಡನೆಯ ಬಾರಿ ಬಂದಾಗ ಆ ಪುಟ ತೆರೆದು, ಹಿಂದೆ ಕೇಳಿದ ಯಾವ ಪ್ರಶ್ನೆ ಈಗಲೂ ಉಳಿದಿದೆ ಎಂಬಲ್ಲಿಂದ ಮಾತು ಶುರುಮಾಡಬಹುದು.